ಟೀ ಆದ ಮೇಲೆ ಆಡಿದ ಮಾತು

ದಾಳಿಂಬೆಯೊಂದನ್ನು ಕೈಯಲ್ಲಿ ತಿರುಗಿಸಿ ನೋಡುತ್ತಿದ್ದ ಅಕ್ತರ್‌ಗೆ, ಪಕ್ಕದಲ್ಲಿ ನಿಂತವನು ಹಣ್ಣು ಬಿಟ್ಟು ತನ್ನ ಮುಖವನ್ನೇ ನೋಡುತ್ತಿದ್ದಾನೆಂದು ಗೊತ್ತಾಯಿತು. ಈ ಏಳೆಂಟು ತಿಂಗಳಲ್ಲಿ ಇದರ ಹಂತಗಳೆಲ್ಲ ಅವನಿಗೆ ಪರಿಚಯವಾಗಿದ್ದವು. ಮೊದಲು ಕಣ್ಣು ಕಿರಿದಾಗುತ್ತದೆ, ಆಮೇಲೆ ತಲೆ ಒಂದಿಷ್ಟು ವಾಲುತ್ತದೆ, ಆಮೇಲೆ ನಗು. ಜಾರಿಕೊಳ್ಳೋಣವೆಂದರೆ ರಸೆಲ್ ಮಾರುಕಟ್ಟೆಯ ಆ ಓಣಿಯಲ್ಲಿ ಹಿಂದೆ ಕೊತ್ತಂಬರಿ ಸೊಪ್ಪಿನ ಮೂಟೆ, ಮುಂದೆ ಹಣ್ಣಿನ ಗುಡ್ಡೆ. "ಸರ್, ಆ ವಿಡಿಯೋದಲ್ಲಿ ಬರೋರು ನೀವೇ ಅಲ್ವಾ? ಕ್ವಾಂಟಮ್ಮು?" ಎಂದ ಆತ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಹೂವಿನ ಪೊಟ್ಟಣ. "ನಮ್ಮತ್ತೆ ದಿನಾ ಕೇಳ್ತಾರೆ ಸರ್. ಮಂಡಿನೋವು ಅರ್ಧ ಹೋಗ್ಬಿಟ್ಟಿದೆ. ಒಬ್ಬ ಮುಸಲ್ಮಾನರು ಎಷ್ಟು ಚೆನ್ನಾಗಿ ಹೇಳ್ತಾರೆ ನೋಡು ಅಂತಾರೆ." ಹಾಗಲ್ಲ, ನಾನು ಹೇಳಿದ್ದೇ ಬೇರೆ, ಅವರು ಕತ್ತರಿಸಿ ಹಾಕಿದ್ದಾರೆ ಎಂಬ ಮಾತು ಅಕ್ತರ್‌ನ ನಾಲಿಗೆಯ ತುದಿಗೆ ಬಂತು, ಎಷ್ಟೋ ಜನರಿಗೆ ಹೇಳಿ ಹೇಳಿ ನುಣುಪಾಗಿಹೋಗಿದ್ದ ಮಾತು. ಆದರೆ ಆತ ಆಗಲೇ ಫೋನು ಎತ್ತಿ ಹಿಡಿದು ಭುಜಕ್ಕೆ ಭುಜ ತಾಗಿಸಿ ನಿಂತಿದ್ದ. ಅಕ್ತರ್ ದಾಳಿಂಬೆಯನ್ನು ಕೆಳಗಿಡದೆ ಫೋಟೋಗೆ ನಿಂತ. ನಕ್ಕ ಕೂಡ. ಆತ ಕೈಮುಗಿದು ಹೋದ ಮೇಲೂ ಆ ನಗು ಮುಖದ ಮೇಲೆ ಎಲ್ಲೋ ಅಂಟಿಕೊಂಡಿದೆ ಅನ್ನಿಸಿ ಕರ್ಚೀಫಿನಿಂದ ಬಾಯಿ ಒರೆಸಿಕೊಂಡ. ಹಣ್ಣಿನವನು ದಖನಿಯಲ್ಲಿ ರೇಗಿದ: ತಗೊಳ್ತೀರೋ, ಸುಮ್ಮನೆ ನೋಡ್ತಾ ನಿಲ್ತೀರೋ?

ಹಣ್ಣು ಆಂಜನಮ್ಮನಿಗೆ. ಕಾಯಿಲೆಯವರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಹೆಂಡತಿ ಪರ್ವೀನ್ ಬೆಳಿಗ್ಗೆ ಹೇಳಿ ಕಳಿಸಿದ್ದಳು. ಇವತ್ತಾದರೂ ಹೋಗುತ್ತಿದ್ದೀರಲ್ಲ ಎಂಬ ಧಾಟಿ ಆ ಮಾತಿನಲ್ಲಿತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಆಂಜನಮ್ಮ ಅವನ ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ಅಟೆಂಡರ್ ಆಗಿದ್ದವಳು. ಕತ್ತಲೆಕೋಣೆಯಲ್ಲಿ ಸೋಡಿಯಂ ದೀಪ ಹಚ್ಚಿ, ಉಪಕರಣದ ತಿರುಪುಗಳನ್ನು ಬೆರಳ ತುದಿಯಲ್ಲಿ ಸರಿಮಾಡಿ, ಹುಡುಗರು ಬರುವ ಮೊದಲೇ ತಾನೊಮ್ಮೆ ಕಣ್ಣಿಟ್ಟು ನೋಡಿ, "ಗೆರೆ ಬಂತು ಸರ್" ಅನ್ನುತ್ತಿದ್ದಳು. ಓದಿದ್ದು ಏಳನೇ ತರಗತಿ. ಆದರೆ ಗೆರೆ ಬಂತು ಎಂದು ಅವಳು ಹೇಳಿದರೆ ಬಂದಿರುತ್ತಿತ್ತು. ಅವಳು ರಿಟೈರಾಗಿ ನಾಲ್ಕು ವರ್ಷ, ಅವನು ರಿಟೈರಾಗಿ ನಾಲ್ಕು ತಿಂಗಳು. ಮೊನ್ನೆ ಬುಧವಾರ ಅವಳ ಮಗ ಸುನೀಲ್ ಶಿವಾಜಿನಗರದ ಗಲ್ಲಿಯಲ್ಲಿ ಮನೆ ಹುಡುಕಿಕೊಂಡು ಬಂದಿದ್ದ. ಲಿಫ್ಟ್ ರಿಪೇರಿಯ ಕೆಲಸದವನು. ಕಂಪನಿಯ ಅಂಗಿಯಲ್ಲೇ ಇದ್ದ, ಕುರ್ಚಿಯ ತುದಿಯಲ್ಲಿ ಕೂತ. "ಅಮ್ಮ ಆಸ್ಪತ್ರೆಗೆ ಹೋಗೋದೇ ಬಿಟ್ಬಿಟ್ಟಿದ್ದಾರೆ ಸರ್." ಯಾಕೆ ಎಂದು ಅಕ್ತರ್ ಕೇಳಿದ. "ನಿಮ್ಮಿಂದ ಸರ್" ಎಂದ ಸುನೀಲ್. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ದಾರಿ ಕೇಳಿದವರಿಗೆ ರಸ್ತೆಯ ಹೆಸರು ಹೇಳುವಂತೆ ಹೇಳಿದ್ದ. ಫೆಬ್ರವರಿಯಲ್ಲಿ ಎದೆಯಲ್ಲಿ ಗಂಟು ಸಿಕ್ಕಿತಂತೆ. ಡಾಕ್ಟರು ಆಪರೇಷನ್ನಿಗೆ ದಿನವನ್ನೂ ಗೊತ್ತುಮಾಡಿದ್ದರಂತೆ. "ಆ ದಿನ ಬೆಳಿಗ್ಗೆ ಬರಲ್ಲ ಅಂದ್ಬಿಟ್ರು. ದಿನಾ ಕಣ್ಣು ಮುಚ್ಕೊಂಡು ಕೂತು, ಗಂಟಿಲ್ಲ, ಗಂಟಿಲ್ಲ ಅಂತ ಒಳಗೇ ನೋಡ್ತಾರಂತೆ. ನೋಡ್ತಾ ನೋಡ್ತಾ ಹೋಗ್ಬಿಡುತ್ತಂತೆ. ನಾನು ಬೈದ್ರೆ, ಅಕ್ತರ್ ಸರ್ ಸುಳ್ಳು ಹೇಳೋರಲ್ಲ ಅಂತಾರೆ. ಐದು ತಿಂಗಳಾಯ್ತು ಸರ್."

"ನಾನು ಹಾಗೆ ಹೇಳಿಲ್ಲ ಸುನೀಲ್. ಅವರು ಕತ್ತರಿಸಿ ಹಾಕಿದ್ದಾರೆ."

"ಅದನ್ನೇ ಬಂದು ಅಮ್ಮಂಗೆ ಹೇಳಿ ಸರ್."

"ಬರೀ ಬಾಯಲ್ಲಿ ಹೇಳಿದರೆ ನಂಬ್ತಾರಾ? ಪೂರ್ತಿ ರೆಕಾರ್ಡಿಂಗ್ ತಂದು ತೋರಿಸ್ತೀನಿ. ಶನಿವಾರ ಬರ್ತೀನಿ."

ಬುಧವಾರವೇ ಹೋಗಬಹುದಿತ್ತು. ಸುನೀಲ್‌ನ ಬೈಕಿನ ಹಿಂದೆ ಕೂತು ಆಗಲೇ ಹೋಗಬಹುದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಮೊದಲು ರೆಕಾರ್ಡಿಂಗ್ ತರಲೆಂದು ಇಂದಿರಾನಗರದ ಬಸ್ಸು ಹತ್ತಿ, ಹಣ್ಣಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಗೆ ತಲೆಯಾನಿಸಿದಾಗ ಅಕ್ತರ್‌ಗೆ ಇದೇ ಮತ್ತೆ ಮತ್ತೆ ಬಂತು. ಬೇಕಾಗಿದ್ದದ್ದು ಅವಳು ಆಸ್ಪತ್ರೆಗೆ ಹೋಗುವುದೋ, ತನ್ನ ಹೆಸರು ಶುದ್ಧವಾಗುವುದೋ? ಎರಡೂ ಒಂದೇ ಅಲ್ಲವೇ ಎಂದು ತನ್ನನ್ನೇ ಸಮಾಧಾನಪಡಿಸಿಕೊಂಡ. ಬಸ್ಸು ಕಾಮರಾಜ ರಸ್ತೆಯ ಗದ್ದಲದಲ್ಲಿ ಏದುಸಿರು ಬಿಡುತ್ತ, ನಿಂತು, ಮತ್ತೆ ಹೊರಟಿತು. 'ನೋಟವೇ ಲೋಕ' ಎಂಬ ಆ ಡಾಕ್ಯುಮೆಂಟರಿ ಒಂದು ಗಂಟೆ ನಲವತ್ತು ನಿಮಿಷದ್ದು. ಅಕ್ತರ್ ಅದನ್ನು ಪೂರ್ತಿಯಾಗಿ ನೋಡಿಯೇ ಇರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಬಿಡುಗಡೆಯಾದಾಗ ಯಾರೋ ಅವನಿಗೆ ಅರ್ಧ ನಿಮಿಷದ ತುಂಡೊಂದನ್ನು ಕಳಿಸಿದ್ದರು: ಹಿಂದೆ ವೀಣೆ, ನೀಲಿ ಬಣ್ಣದ ನಕ್ಷತ್ರಗಳು, ಧ್ಯಾನಕ್ಕೆ ಕೂತ ಒಬ್ಬ ಹೆಂಗಸು, ನಕ್ಷತ್ರಗಳೊಳಗಿಂದ ಮೂಡಿಬರುವ ತನ್ನದೇ ಮುಖ. 'ನಾವು ನೋಡುವುದರಿಂದಲೇ ಲೋಕ ಆಗುತ್ತದೆ' ಎಂದು ಆ ಮುಖ ಹೇಳುತ್ತಿತ್ತು. ಕೆಳಗೆ ಅವನ ಹೆಸರು, ಹೆಸರಿನ ಹಿಂದೆ ಅವನಿಗಿಲ್ಲದ ಡಾಕ್ಟರೇಟು. ಅಷ್ಟು ನೋಡಿ ಫೋನನ್ನು ಮಂಚದ ಮೇಲೆ ಬೋರಲು ಹಾಕಿದ್ದ. ಮಿಕ್ಕದ್ದನ್ನು ನೋಡಲು ಅಸಹ್ಯ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದ್ದ. ಹೇಳುತ್ತ ಹೇಳುತ್ತ ಅಸಹ್ಯವೂ ನಿಜವೇ ಆಯಿತು. ಆದರೆ ಕೆಳಗಿನ ಕಾಮೆಂಟುಗಳನ್ನು ಮಾತ್ರ ಓದಿದ್ದ, ಒಂದಲ್ಲ, ನೂರಾರು. ಇಂಥವರು ಇನ್ನೂ ನಾಲ್ಕು ಜನ ಇದ್ದಿದ್ದರೆ ದೇಶ ಹೀಗಿರುತ್ತಿರಲಿಲ್ಲ ಎಂದು ಯಾರೋ ಬರೆದಿದ್ದರು. ಇಂಥವರು ಅಂದರೆ ಎಂಥವರು ಎಂದು ಅವನಿಗೆ ಗೊತ್ತಿತ್ತು. ಓದಿದಾಗ ಕುತ್ತಿಗೆ ಬಿಸಿಯಾಗಿತ್ತು, ಮಾರನೆಯ ದಿನ ಅದೇ ಕಾಮೆಂಟನ್ನು ಹುಡುಕಿ ಇನ್ನೊಮ್ಮೆ ಓದಿದ್ದ.

ಹಲಸೂರು ಕೆರೆಯ ಪಕ್ಕ ಸಿಗ್ನಲ್ ಬಿದ್ದಿತ್ತು. ಸೈನಿಕರ ಜಾಗದ ಬೇಲಿ, ಅದರಾಚೆ ಹಸಿರು ನೀರು. ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಬಂದುಹೋದ ಪ್ರತಿ ಪ್ರಿನ್ಸಿಪಾಲರೂ ಮೊದಲನೇ ವಾರದಲ್ಲಿ ಅವನಿಗೆ ಒಂದೇ ಮಾತು ಹೇಳಿದ್ದರು: "ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಲ್ರೀ!" ಪ್ರತಿ ಸಲವೂ ಅವನು ಥ್ಯಾಂಕ್ಸ್ ಅಂದಿದ್ದ. ಇದೇ ಊರಿನಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಕನ್ನಡದಲ್ಲಿ ಬೆಳಕಿನ ಪಾಠ ಮಾಡಿದವನು ಯಾಕೆ ಥ್ಯಾಂಕ್ಸ್ ಅನ್ನಬೇಕಿತ್ತು? ಆ ಶೂಟಿಂಗಿನ ದಿನವೂ ಯಾರೋ ಹಾಗೆಯೇ ಹೊಗಳಿದ ನೆನಪು. ಕತ್ತಲೆಕೋಣೆ, ಹಳದಿ ದೀಪ, ಎದೆಗೆ ಸಿಕ್ಕಿಸಿದ್ದ ಪುಟ್ಟ ಮೈಕು. ಎಲೆಕ್ಟ್ರಾನಿನ ವಿಷಯ ಹೇಳಿದ್ದು ಚೆನ್ನಾಗಿ ನೆನಪಿದೆ. ಮನಸ್ಸು ಜಗತ್ತನ್ನು ಮಾಡುತ್ತದೆ ಅಂತ ಯಾರಾದರೂ ಹೇಳಿದರೆ ಅದು ತಪ್ಪು ಎಂದು ಬೆರಳೆತ್ತಿ ಹೇಳಿದ್ದು ಇನ್ನೂ ಚೆನ್ನಾಗಿ ನೆನಪಿದೆ. ಆಮೇಲೆ ಟೀ ಬಂತು. ಅದರಾಚೆಗಿನದ್ದು ಮಸುಕು. ಆ ಮಸುಕಿನ ಕಡೆಗೆ ಮನಸ್ಸು ಹೋದಾಗಲೆಲ್ಲ ಏನೋ ಒಂದು ಕೆಲಸ ನೆನಪಾಗಿ ಅವನು ಎದ್ದುಬಿಡುತ್ತಿದ್ದ.

ಬೃಂದಾಳ ಸ್ಟುಡಿಯೋ ಇಂದಿರಾನಗರದ ಹನ್ನೆರಡನೇ ಮೇನ್‌ನಿಂದ ಒಳಗೆ, ಹಲ್ಲಿನ ಕ್ಲಿನಿಕ್ಕೊಂದರ ಮೇಲಿನ ಮಹಡಿಯಲ್ಲಿತ್ತು. ಡಾಕ್ಯುಮೆಂಟರಿ ಮಾಡಿದವಳು ಅವಳೇ, ಮೂವತ್ತು ದಾಟಿರಲಿಕ್ಕಿಲ್ಲ. ಅವನನ್ನು ನೋಡಿ ನಿಜವಾಗಿ ಖುಷಿಪಟ್ಟಳು. "ಬನ್ನಿ ಸರ್, ಬನ್ನಿ! ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ಲ." ಆ ಖುಷಿ ಅವನಿಗೆ ಅನಾನುಕೂಲವಾಯಿತು. ಮೆಟ್ಟಿಲು ಹತ್ತುವಾಗ ಜೋಡಿಸಿಕೊಂಡಿದ್ದ ವಾಕ್ಯಗಳನ್ನು ನಿಂತುಕೊಂಡೇ ಒಪ್ಪಿಸಿದ: ನೀವು ಮಾಡಿದ್ದು ಸರಿಯಲ್ಲ, ನನ್ನ ಮಾತಿನ ಮುಂದಿನದ್ದು ಹಿಂದಿನದ್ದು ಕತ್ತರಿಸಿದ್ದೀರಿ, ಅದರಿಂದ ಒಬ್ಬರ ಜೀವಕ್ಕೆ ಅಪಾಯ ಬಂದಿದೆ, ನನಗೆ ಪೂರ್ತಿ ರೆಕಾರ್ಡಿಂಗ್ ಬೇಕು. ಬೃಂದಾಳ ಮುಖ ಕುಗ್ಗಿತು. ಸಿಕ್ಕಿಬಿದ್ದವಳ ಮುಖ ಅದಲ್ಲ ಎಂದು ಅವನಿಗೆ ಅನ್ನಿಸಿತು, ಅರ್ಥವಾಗದವಳ ಮುಖ. "ಕತ್ತರಿಸಿದ್ದೀವಾ? ಸರ್, ನಿಮ್ದು ಒಂದೇ ಶಾಟು. ಅಲ್ಲಿ ಕಟ್ಟೇ ಇಲ್ಲ." ಕುರ್ಚಿ ಎಳೆದು ಅವನನ್ನು ದೊಡ್ಡ ಪರದೆಯ ಮುಂದೆ ಕೂರಿಸಿದಳು. ಹಣ್ಣಿನ ಚೀಲವನ್ನು ಎಲ್ಲಿಡಬೇಕೋ ತೋಚದೆ ಕಾಲುಗಳ ನಡುವೆ ಇಟ್ಟುಕೊಂಡ.

ಮೊದಲನೇ ಫೈಲಿನಲ್ಲಿ ಅವನು ನೆಟ್ಟಗೆ ಕೂತಿದ್ದ. "ಎಲೆಕ್ಟ್ರಾನು ಯಾವ ಸೀಳಿನಿಂದ ಹೋಯಿತು ಎಂದು ತಿಳಿಯಬೇಕಾದರೆ ಅದಕ್ಕೆ ಏನಾದರೂ ತಾಕಬೇಕು. ತಾಕಿದರೆ ಅದು ಮೊದಲಿನ ಹಾಗೆ ಇರುವುದಿಲ್ಲ. ನೋಡುವುದು ಅಂದರೆ ಇಲ್ಲಿ ಇಷ್ಟೇ ಅರ್ಥ. ಕಣ್ಣು ಬೇಕಿಲ್ಲ, ಮನಸ್ಸೂ ಬೇಕಿಲ್ಲ, ಒಂದು ಉಪಕರಣ ಸಾಕು. ಮನಸ್ಸು ಜಗತ್ತನ್ನು ಮಾಡುತ್ತದೆ ಅಂತ ಯಾರಾದರೂ ಹೇಳಿದರೆ ಅದು ತಪ್ಪು." ಬೆರಳು ಎತ್ತಿಯೇ ಇತ್ತು. ಅಕ್ತರ್ ಕುರ್ಚಿಯಲ್ಲಿ ಮುಂದಕ್ಕೆ ಬಂದ. ಧ್ವನಿಗೆ ತರಗತಿಯ ಗಡಸು ಬಂತು. "ನೋಡಿದ್ರಾ? ಇದನ್ನ ಯಾಕೆ ಹಾಕಲಿಲ್ಲ?"

"ಇದು ಮೊದಲನೇ ಟೇಕ್ ಸರ್" ಎಂದಳು ಬೃಂದಾ, ತೀರ ಮೆಲ್ಲಗೆ. "ಇದು ಬೇಡ ಅಂತ ನೀವೇ ಅಂದ್ರಿ."

ಎರಡನೇ ಫೈಲು ತೆರೆದಾಗ ಮೊದಲು ಚಿತ್ರವಿರಲಿಲ್ಲ, ಕಪ್ಪು ಪರದೆ, ಬರೀ ಶಬ್ದ. ಟೀ ಕಪ್ಪುಗಳು, ಕುರ್ಚಿ ಸರಿದದ್ದು. ಮೈಕು ಅವನ ಅಂಗಿಯಲ್ಲೇ ಉಳಿದಿತ್ತು. ಸಿನಿಮಾಕ್ಕೆ ಹಣ ಹಾಕಿದ ಟ್ರಸ್ಟಿನ ಹಿರಿಯರಾದ ಅಮೃತಪ್ಪ ಎಂಬುವರ ದಪ್ಪ, ಒಳ್ಳೆಯ ದನಿ ಕೇಳಿಸಿತು. "ಸಾಹೇಬ್ರೇ, ಎಂಥ ಕನ್ನಡ ನಿಮ್ದು! ಕೇಳ್ತಾ ಕೂತಿರೋಣ ಅನ್ಸುತ್ತೆ. ನಾವು ಹೇಳಿದ್ರೆ ಇವ್ರು ಹೇಳೋದೇ ಇದು ಅಂತಾರೆ. ನಿಮ್ಮಂಥೋರು ಒಂದ್ ಮಾತು ಹೇಳಿದ್ರೆ ಜನ ಒಂದಾಗ್ತಾರೆ, ಅಲ್ವಾ?" ಆಮೇಲೆ ಒಂದು ನಗು. ಅದು ಯಾರ ನಗು ಎಂದು ಅಕ್ತರ್‌ಗೆ ಗುರುತು ಸಿಗಲು ಒಂದು ಕ್ಷಣ ಹಿಡಿಯಿತು. ಅಂಗಾಲಿಗೆ ಕಚಗುಳಿಯಿಟ್ಟಂಥ ನಗು, ಅದರ ಹಿಂದೆಯೇ ತನ್ನ ದನಿ: "ಮೊದಲು ಹೇಳಿದ್ದು ಸ್ವಲ್ಪ ಒಣ ಆಯ್ತೇನೋ. ಅದು ಬೇಡ ಬಿಡಿ. ಇನ್ನೊಂದು ಸಲ ಮಾಡೋಣ್ವಾ?" ಪರದೆ ಬೆಳಗಿತು. ಈ ಸಲ ಅವನು ಕುರ್ಚಿಗೆ ಒರಗಿ ಕೂತಿದ್ದ. ಕಣ್ಣಲ್ಲಿ ಹೊಳಪಿತ್ತು. ಹತ್ತು ವರ್ಷ ಚಿಕ್ಕವನಂತೆ ಕಾಣುತ್ತಿದ್ದ. "ನಾವು ನೋಡುವುದರಿಂದಲೇ ಲೋಕ ಆಗುತ್ತದೆ. ಇವತ್ತು ಭೌತಶಾಸ್ತ್ರವೂ ಇದನ್ನು ಒಪ್ಪುತ್ತದೆ. ನೋಟ ಬದಲಾದರೆ ದೇಹವೂ ಬದಲಾಗುತ್ತದೆ. ನಮ್ಮ ತಾಯಿಯ ವಿಷಯವನ್ನೇ ಹೇಳುತ್ತೇನೆ. ಅಮ್ಮಿಗೆ ಎದೆಯಲ್ಲಿ ಗಂಟಾಗಿತ್ತು. ಡಾಕ್ಟರು ಆರು ತಿಂಗಳು ಅಂದಿದ್ದರು. ಅಮ್ಮಿ ಹದಿನಾಲ್ಕು ವರ್ಷ ಬದುಕಿದರು. ಹೇಗೆ? ಅವರು ತಮ್ಮನ್ನು ತಾವು ಒಂದು ದಿನವೂ ರೋಗಿಯ ಹಾಗೆ ನೋಡಿಕೊಳ್ಳಲಿಲ್ಲ." ಅಲ್ಲಿ ತಡೆದು, ಸರಿಯಾದ ಜಾಗದಲ್ಲಿ ತಡೆದು, ಪರದೆಯ ಮೇಲಿನ ಅಕ್ತರ್ ಮುಗುಳ್ನಕ್ಕ. ಕೋಣೆಯಲ್ಲಿ ಯಾರೋ ವಾಹ್ ಎಂದರು. ಕ್ಯಾಮೆರಾ ಇನ್ನೂ ಓಡುತ್ತಿತ್ತು. ಚೌಕಟ್ಟಿನ ಎಡತುದಿಯಿಂದ ಕಂದು ಸೀರೆಯ ಹೆಂಗಸೊಬ್ಬಳು ಬಗ್ಗಿ ಬಂದು ಸೋಡಿಯಂ ದೀಪದ ಸ್ವಿಚ್ಚಿಗೆ ಕೈಹಾಕಿದಳು. ಆರಿಸುವ ಮೊದಲು ತಲೆಯೆತ್ತಿ ಅವನ ಕಡೆ ನೋಡಿದಳು.

ಆಂಜನಮ್ಮ. ಹೊಸ ಅಟೆಂಡರಿಗೆ ದೀಪ ಹೊಂದಿಸಲು ಬರುವುದಿಲ್ಲವೆಂದು ಅವನೇ ಫೋನು ಮಾಡಿ ಕರೆಸಿದ್ದ. ಕೆ.ಆರ್. ಪುರದಿಂದ ಬೆಳಿಗ್ಗೆ ಏಳಕ್ಕೇ ಬಂದಿದ್ದಳು. ಅವಳು ಆ ದಿನ ಅಲ್ಲಿದ್ದದ್ದನ್ನೇ ಅವನು ಮರೆತಿದ್ದ. ಬುಧವಾರ ಸುನೀಲ್ ಎದುರಿಗೆ ಕೂತಿದ್ದಾಗಲೂ ನೆನಪಾಗಿರಲಿಲ್ಲ. ಎರಡು ಟೇಕನ್ನೂ ಅವಳು ಕತ್ತಲಲ್ಲಿ ನಿಂತು ಕೇಳಿದ್ದಾಳೆ. ಅವರು ಕತ್ತರಿಸಿದ್ದಾರೆ ಎಂಬ ತನ್ನ ಮಾತನ್ನು ಸುನೀಲ್ ಮನೆಗೆ ಹೋಗಿ ಅವಳಿಗೆ ಹೇಳಿರುತ್ತಾನೆ.

"ಆ ತಾಯಿ ವಿಷಯ ಬಂದಾಗ ನಾನು ಅತ್ತಿದ್ದೆ ಸರ್" ಎಂದಳು ಬೃಂದಾ.

"ಆಪರೇಷನ್ ಆಗಿತ್ತು" ಎಂದ ಅಕ್ತರ್.

"ಏನ್ ಸರ್?"

"ನಮ್ಮ ತಾಯಿಗೆ. ಆಪರೇಷನ್ ಆಗಿತ್ತು. ಆಮೇಲೆ ಒಂದೂವರೆ ತಿಂಗಳು ಕರೆಂಟ್ ಕೊಟ್ಟರು, ರೇಡಿಯೇಷನ್ನು. ಅದರಿಂದ ಬದುಕಿದರು."

ಬೃಂದಾ ಓಡುತ್ತಿದ್ದ ಫೈಲನ್ನು ನಿಲ್ಲಿಸಿದಳು. ಕೆಳಗಿನ ಕ್ಲಿನಿಕ್ಕಿನಿಂದ ಹಲ್ಲು ಕೊರೆಯುವ ಯಂತ್ರದ ಸದ್ದು ಬಂತು, ನಿಂತಿತು. "ಅದನ್ನ ನೀವು ಹೇಳ್ಲಿಲ್ಲ ಸರ್" ಎಂದಳು ಕೊನೆಗೆ. "ಹೇಳಲಿಲ್ಲ" ಎಂದ. ಆ ಭಾಗ ತೆಗೆಯಲು ಆಗುತ್ತದೆಯೇ ಎಂದು ಕೇಳಿದ. ಹನ್ನೊಂದು ಲಕ್ಷ ಜನ ನೋಡಿಯಾಗಿದೆ, ಆದರೂ ಕೇಳಬಹುದು, ಅಮೃತಪ್ಪನವರು ಒಪ್ಪಬೇಕು, ನೀವು ಬರೆದುಕೊಟ್ಟರೆ ಒಳ್ಳೆಯದು ಎಂದಳು. ಪ್ರಿಂಟರಿನಿಂದ ಹಾಳೆ ಎಳೆದು ಕೊಟ್ಟಳು. ತಪ್ಪು ಗ್ರಹಿಕೆಗೆ ಅವಕಾಶವಾಗಿರುವುದರಿಂದ ಎಂದು ಶುರುಮಾಡಿದ. ಅಷ್ಟು ಬರೆದು ನಿಂತ. ಮೂವತ್ತನಾಲ್ಕು ವರ್ಷ ಇಲಾಖೆಗೆ ಬರೆದ ಕಾಗದಗಳ ಭಾಷೆ ಕೈಯಲ್ಲಿ ತಾನಾಗಿ ಬರುತ್ತಿತ್ತು. ಅದನ್ನು ಹೊಡೆದುಹಾಕಿ, ಎರಡನೇ ಟೇಕಿನಲ್ಲಿ ನಾನು ಹೇಳಿದ್ದು ಸುಳ್ಳು, ನನ್ನ ತಾಯಿ ಬದುಕಿದ್ದು ಆಪರೇಷನ್ನಿನಿಂದ, ಅದನ್ನು ತೆಗೆಯದಿದ್ದರೆ ನಾನೇ ಎಲ್ಲ ಕಡೆ ಹೇಳುತ್ತೇನೆ ಎಂದು ಬರೆದು ಸಹಿ ಹಾಕಿದ. ಕೊಟ್ಟು ಎದ್ದಾಗ ಬೃಂದಾ, "ಕಾಪಿ ಮಾಡ್ಕೊಡ್ಲಾ ಸರ್, ಪೆನ್‌ಡ್ರೈವ್‌ಗೆ?" ಎಂದಳು. ಬೇಡ ಎಂದು ತಲೆಯಾಡಿಸಿದ. ಮೆಟ್ಟಿಲಿನ ತನಕ ಬಂದು ಹಣ್ಣಿನ ಚೀಲವನ್ನು ಅವನ ಕೈಗೆ ಕೊಟ್ಟಳು, ಮರೆತಿದ್ದ.

ಮೆಟ್ರೋ ನಿಲ್ದಾಣದ ಮೇಲೆ ಬಿಸಿಲು ಓರೆಯಾಗಿ ಬಿದ್ದಿತ್ತು. ಒಂದು ರೈಲು ಬಂದು ಹೋಯಿತು, ಅವನು ಹತ್ತಲಿಲ್ಲ. ಪರ್ವೀನ್‌ಗೆ ಫೋನು ಮಾಡಿ, ಆ ಸಿನಿಮಾ ನೀನು ನೋಡಿದ್ದೀಯಾ ಎಂದು ಕೇಳಿದ. ಅವಳು ಕುಕ್ಕರಿನ ಸದ್ದಿನಿಂದ ಆಚೆಗೆ ಸರಿದದ್ದು ಕೇಳಿಸಿತು. "ಪೂರಾ ದೇಖೀ" ಎಂದಳು. ಜನವರಿಯಲ್ಲೇ ಪೂರ್ತಿ ನೋಡಿದ್ದಳು. ಮತ್ತೆ ಯಾಕೆ ಏನೂ ಅನ್ನಲಿಲ್ಲ ಎಂದ. ಅವಳು ಮನೆಮಾತಿನಲ್ಲಿ, ಎಂದಿನ ಸಮದನಿಯಲ್ಲಿ ಹೇಳಿದಳು: ಅಮ್ಮಿಯ ಗಾಯಕ್ಕೆ ದಿನಾ ಎರಡು ಹೊತ್ತು ಬಟ್ಟೆ ಕಟ್ಟಿದವಳು ನಾನು. ಆಪರೇಷನ್ ಆಗಿತ್ತು ಅಂತ ನಿಮಗೆ ನಾನು ನೆನಪು ಮಾಡಬೇಕಿತ್ತಾ? ಆಮೇಲೆ, ನೀವು ಆಗ ಮೈಸೂರಿನಲ್ಲಿದ್ದಿರಿ, ಎಂದಳು.

ಅವನು ಮೈಸೂರಿನಲ್ಲಿದ್ದ. ಉತ್ತರಪತ್ರಿಕೆ ತಿದ್ದುವ ಕೆಲಸ, ಹದಿನಾರು ದಿನ. ಅದನ್ನು ಬೇಡ ಅನ್ನಬಹುದಿತ್ತು. ತಾಯಿಗೆ ಆಪರೇಷನ್ ಎಂದರೆ ಯಾರೂ ಒತ್ತಾಯ ಮಾಡುತ್ತಿರಲಿಲ್ಲ. ಹೆಸರು ತಾನಾಗಿಯೇ ಕೊಟ್ಟಿದ್ದ. ಲಾಡ್ಜಿನ ರೂಮಿನಲ್ಲಿ ಸಂಜೆ ಫ್ಯಾನು ನೋಡುತ್ತ ಮಲಗಿ, ಈಗ ಆಗಿರಬಹುದು, ಈಗ ಎಚ್ಚರವಾಗಿರಬಹುದು ಎಂದುಕೊಳ್ಳುತ್ತಿದ್ದ. ಬಂದಾಗ ಅಮ್ಮಿ ದಿಂಬಿಗೆ ಒರಗಿ ಕೂತಿದ್ದರು. ದುಪಟ್ಟಾವನ್ನು ಎರಡು ಸುತ್ತು ಹೊದ್ದುಕೊಂಡು ನಕ್ಕರು. ಅವನು ಆ ಕಡೆ ನೋಡದಂತೆ ಮುಖ ನೋಡಿಯೇ ಮಾತಾಡಿದ್ದ, ಹದಿನಾಲ್ಕು ವರ್ಷವೂ. ಅಮ್ಮಿ ತಮ್ಮನ್ನು ರೋಗಿಯ ಹಾಗೆ ನೋಡಿಕೊಳ್ಳಲಿಲ್ಲ ಎಂದು ತನಗೆ ಹೇಗೆ ಗೊತ್ತು? ಅವರನ್ನು ರೋಗಿಯ ಹಾಗೆ ನೋಡಲು ಆಗದೆ ಓಡಿಹೋದವನು ತಾನು. ಎರಡನೇ ರೈಲು ಹತ್ತಿದ. ಬೆನ್ನಿಗಾನಹಳ್ಳಿ ದಾಟಿದ ಮೇಲೆ ಕೆಳಗೆ ರೈಲ್ವೆ ಹಳಿಗಳೂ ತೂಗುಸೇತುವೆಯ ತಂತಿಗಳೂ ಬಂದು ಹೋದವು. ಎದುರಿಗೆ ಕೂತ ಹುಡುಗಿಯೊಬ್ಬಳು ಅವನ ಮುಖವನ್ನೇ ನೋಡುತ್ತಿದ್ದಳು. ಇವಳೂ ಗುರುತು ಹಿಡಿದಳೆಂದು ಅವನು ತಲೆ ತಗ್ಗಿಸಿದ. ಅವಳು ಎದ್ದು ಬಂದು, "ಅಂಕಲ್, ನೀರು ಬೇಕಾ? ತುಂಬಾ ಬೆವರ್ತಿದ್ದೀರಾ" ಎಂದಳು.

ಕೆ.ಆರ್. ಪುರದ ದೇವಸಂದ್ರದಲ್ಲಿ ಆ ಗಲ್ಲಿಗೆ ಆಟೋ ಬರಲಾಗದೆ ತುದಿಯಲ್ಲೇ ಇಳಿದು ನಡೆದ. ಆಂಜನಮ್ಮನ ಬಾಗಿಲು ತೆರೆದಿತ್ತು. ನೆಲದ ಮೇಲೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು, ಎಡಗೈಯಿಂದಲೇ. ಬಲಗೈಯನ್ನು ಪಕ್ಕೆಗೆ ಒತ್ತಿ ಇಟ್ಟುಕೊಂಡಿದ್ದಳು, ಒಳಗೆ ಏನನ್ನೋ ಬೀಳದಂತೆ ಹಿಡಿದಿರುವವಳ ಹಾಗೆ. ಸೊರಗಿದ್ದಳು. ಅವನನ್ನು ಕಂಡು ಅದೇ ಲ್ಯಾಬಿನ ಆತುರದಲ್ಲಿ ಎದ್ದಳು. "ಬನ್ನಿ ಸರ್. ಸುನೀಲ ಇರ್ತೀನಿ ಅಂದಿದ್ದ, ಎಲ್ಲೋ ಲಿಫ್ಟು ಸಿಕ್ಕಾಕ್ಕೊಂಡಿದೆ ಅಂತ ಓಡ್ದ. ಅವ್ನು ಏನೇನೋ ಅಂದಿರ್ತಾನೆ, ಮನಸ್ಸಿಗೆ ಹಚ್ಕೋಬೇಡಿ." ಕುರ್ಚಿ ಹಾಕಿದಳು. ಹಣ್ಣಿನ ಚೀಲ ಇಸಕೊಂಡು, ಯಾಕೆ ಸರ್ ಇದೆಲ್ಲ ಎಂದಳು. ಕುರ್ಚಿಯ ಮೇಲೆ ಕೂರಲು ಅವನಿಗೆ ಆಗಲಿಲ್ಲ. ಹೊಸ್ತಿಲ ಹತ್ತಿರ ಗೋಡೆಗೆ ಒರಗಿ ನೆಲದ ಮೇಲೇ ಕೂತ. ಮಂಡಿ ಕಟಕ್ಕೆಂದಿತು.

"ಚಿಕ್ಕದಾಗಿದೆ ಸರ್" ಎಂದಳು, ಅವನು ಕೇಳುವ ಮೊದಲೇ. "ಮುಟ್ಟಿದ್ರೆ ಗೊತ್ತಾಗುತ್ತೆ. ಒಂದೊಂದ್ ದಿನ ಇಲ್ವೇ ಇಲ್ಲ."

"ಆಂಜನಮ್ಮ, ನಾನು ಸುನೀಲ್‌ಗೆ ಸುಳ್ಳು ಹೇಳಿದೆ. ಯಾರೂ ಏನೂ ಕತ್ತರಿಸಿಲ್ಲ."

"ಗೊತ್ತು ಸರ್. ನಾನಲ್ಲೇ ಇದ್ನಲ್ಲ."

"ಇದ್ದಿರಿ. ಎರಡೂ ಸಲ ಕೇಳಿಸ್ಕೊಂಡ್ರಿ. ಮೊದಲನೇ ಸಲ ಹೇಳಿದ್ದು ಸರಿ. ಅದನ್ನ ಯಾಕೆ ನಂಬಲಿಲ್ಲ ನೀವು?"

ಅವಳು ಹುರುಳಿಕಾಯಿಯೊಂದನ್ನು ಎತ್ತಿಕೊಂಡು, ನಾರು ತೆಗೆಯದೆ ಕೈಯಲ್ಲೇ ಇಟ್ಟುಕೊಂಡಳು. "ಮೊದಲ್ನೇದು ಪಾಠ ಸರ್. ವರ್ಷಾ ವರ್ಷ ಕೇಳಿದ್ದೆ, ಬಾಯಿಪಾಠ ಆಗಿತ್ತು. ಎರಡ್ನೇದು ನಿಮ್ಮ ಮನಸ್ಸಿಂದ ಬಂತು ಅನ್ಕೊಂಡೆ. ಇಷ್ಟು ವರ್ಷ ಕಾಲೇಜಲ್ಲಿ ಹೇಳಕ್ಕಾಗದೆ ಇಟ್ಕೊಂಡಿದ್ರೇನೋ, ರಿಟೈರಾಗೋ ಟೈಮಲ್ಲಿ ಹೇಳ್ಬಿಟ್ರು ಅನ್ಕೊಂಡೆ. ತಾಯಿ ವಿಷಯದಲ್ಲಿ ಯಾರಾದ್ರೂ ಸುಳ್ಳು ಹೇಳ್ತಾರಾ ಸರ್?"

ಹೊರಗೆ ಯಾರೋ ಕೊಡಕ್ಕೆ ನೀರು ಬಿಟ್ಟರು. ಕೊಡ ತುಂಬಿತು. "ಹೇಳ್ತಾರೆ" ಎಂದ. "ನಾನು ಹ್ಯಾಗೆ ಹೇಳಿದೆ ಅಂತಲೂ ಹೇಳ್ತೀನಿ. ಅಲ್ಲಿದ್ದೋರೆಲ್ಲ ನನ್ನನ್ನ ಅಷ್ಟು ಪ್ರೀತಿಯಿಂದ ನೋಡ್ತಿದ್ರು. ಟೀ ತಂದ್ಕೊಟ್ಟು ಕೈಮುಗಿದ್ರು. ಅವರಿಗೆ ಬೇಕಾದ್ದು ಕೊಡಬೇಕು ಅನ್ನಿಸ್ತು, ಕೊಟ್ಟೆ. ಅಮ್ಮಿಗೆ ಆಪರೇಷನ್ ಆಗಿತ್ತು ಆಂಜನಮ್ಮ. ಒಂದು ಕಡೆಯದ್ದು ಪೂರ್ತಿ ತೆಗೆದಿದ್ದರು. ಆಮೇಲೆ ಕರೆಂಟು. ಅದಕ್ಕೇ ಹದಿನಾಲ್ಕು ವರ್ಷ ಇದ್ದರು. ನೋಡಿದ್ದರಿಂದ ಏನೂ ಆಗಲಿಲ್ಲ. ನಿಮ್ಮದೂ ನೋಡಿದರೆ ಹೋಗಲ್ಲ."

ಅಳುತ್ತಾಳೆ, ಅಥವಾ ಎದ್ದು ಹೋಗಿ ಅನ್ನುತ್ತಾಳೆ ಎಂದು ಕಾದ. ಅನ್ನಬೇಕು ಎಂದೂ ಒಳಗೆಲ್ಲೋ ಬಯಸಿದ. ಅವಳು ಎರಡನ್ನೂ ಮಾಡಲಿಲ್ಲ. "ಕುಯ್ದಿದ್ರಾ!" ಎಂದಳು, ಬೇರೆ ಯಾರದೋ ಸುದ್ದಿ ಕೇಳಿದವಳಂತೆ. ಆಮೇಲೆ ಮೆಲ್ಲಗೆ, ಒಂದೊಂದಾಗಿ ಕೇಳತೊಡಗಿದಳು. "ನಮ್ಮ ಯಜಮಾನ್ರು ಆಸ್ಪತ್ರೆಗೆ ನಡ್ಕೊಂಡು ಹೋದ್ರು ಸರ್, ಹೊಟ್ಟೆ ಆಪರೇಷನ್ನು. ಚಾಪೆ ಮೇಲೆ ತಂದ್ರು. ಅದಕ್ಕೇ ಕತ್ತಿ ಅಂದ್ರೆ ನಂಗೆ... ನಿಮ್ಮ ತಾಯಿಗೆ ತುಂಬಾ ನೋವಾಯ್ತಾ?" ಅವನಿಗೆ ಗೊತ್ತಿರಲಿಲ್ಲ. "ಎಷ್ಟು ದಿನಕ್ಕೆ ಎದ್ದು ಓಡಾಡಿದ್ರು?" ಗೊತ್ತಿರಲಿಲ್ಲ. "ಕೈ ಎತ್ತಕ್ಕೆ ಆಗ್ತಿತ್ತಾ? ತಲೆ ಬಾಚ್ಕೊಳಕ್ಕೆ? ನನ್ ಕೈ ಈಗ್ಲೇ ಹಿಂಗಿದೆ." ಅಮ್ಮಿಯ ಜಡೆ ಕಣ್ಣಿಗೆ ಬಂತು, ಆದರೆ ಅದನ್ನು ಹೆಣೆಯುತ್ತಿದ್ದ ಕೈ ಯಾರದೆಂದು ಕಾಣಲಿಲ್ಲ. "ಕುಯ್ದ ಜಾಗ ಆಮೇಲೆ ಹೆಂಗಿರುತ್ತೆ ಸರ್? ರವಿಕೆ ಹಾಕ್ಕೊಳ್ಳೋದು ಹೆಂಗೆ?" ಅದನ್ನು ಕೇಳಿ ಅವಳೇ ನಾಚಿ ಮುಖ ತಿರುಗಿಸಿದಳು. ಅವನು ಗೋಡೆಗೆ ಒರಗಿ, ಪ್ರಶ್ನೆಪತ್ರಿಕೆಯ ಮುಂದೆ ಕೂತ ದಡ್ಡ ಹುಡುಗನ ಹಾಗೆ ಕೂತಿದ್ದ. ಎರಡು ಸೀಳುಗಳ ವಿಷಯ ಗಂಟೆಗಟ್ಟಲೆ ಹೇಳಬಲ್ಲವನು.

"ನನಗೆ ಗೊತ್ತಿಲ್ಲ ಆಂಜನಮ್ಮ" ಎಂದ. "ನಾನು ಆಗ ಇರಲಿಲ್ಲ. ಬಿಟ್ಟು ಹೋಗಿದ್ದೆ. ಎಲ್ಲಾ ಮಾಡಿದ್ದು ನನ್ನ ಹೆಂಡತಿ."

ಹೇಳಿದ ಮೇಲೆಯೇ ಅವನಿಗೆ ಮುಂದಿನದ್ದು ಹೊಳೆಯಿತು. ಫೋನು ತೆಗೆದು ಪರ್ವೀನ್‌ಗೆ ಹಚ್ಚಿದ. ಆಂಜನಮ್ಮನ ಮನೆಯಲ್ಲಿದ್ದೇನೆ, ಇವರು ಅಮ್ಮಿಯ ಆಪರೇಷನ್ ವಿಷಯ ಕೇಳುತ್ತಿದ್ದಾರೆ, ನನಗೆ ಹೇಳಲು ಬರುತ್ತಿಲ್ಲ ಎಂದ. "ಉನಕೂ ದೇವ್" ಎಂದಳು ಪರ್ವೀನ್, ಅವರಿಗೆ ಕೊಡಿ ಎಂದು. ಕೊಟ್ಟ. ಆಂಜನಮ್ಮ ಫೋನನ್ನು ಎಡಕಿವಿಗೆ ಒತ್ತಿಕೊಂಡು, "ಅಮ್ಮಾ, ನಮಸ್ಕಾರ, ನಾನು ಲ್ಯಾಬಿನ ಆಂಜನಮ್ಮ" ಎಂದಳು. ಪರ್ವೀನ್‌ಳ ಕ್ಯಾಂಟೋನ್ಮೆಂಟಿನ ಕನ್ನಡ, ಅರ್ಧ ದಖನಿ ಅರ್ಧ ತಮಿಳು ಬೆರೆತದ್ದು, ಯಾರೂ ಯಾವತ್ತೂ ಹೊಗಳದ ಕನ್ನಡ, ಫೋನಿನಿಂದ ಸಣ್ಣಗೆ ಕೇಳಿಸಿತು: "ಹಾಂ ಆಂಜನಮ್ಮ, ಕೇಳಮ್ಮ, ಎಲ್ಲಾ ಹೇಳ್ತೀನಿ, ಭಯ ಬೇಡ." ಆಂಜನಮ್ಮ ತಲೆಯೆತ್ತಿ ಅವನನ್ನು ನೋಡಿದಳು. ಆ ನೋಟಕ್ಕೆ ಅವನು ಎದ್ದು ಹೊರಗೆ ಬಂದ. ಹಿಂದೆ ಬಾಗಿಲು ಮುಚ್ಚಿತು, ಚಿಲಕ ಬಿದ್ದ ಸದ್ದಾಯಿತು.

ಮೆಟ್ಟಿಲ ಮೇಲೆ ಕೂತ. ಒಳಗಿನಿಂದ ಮಾತು ಕೇಳಿಸುತ್ತಿರಲಿಲ್ಲ; ಆಗಾಗ ಆಂಜನಮ್ಮನ ಹೂಂ, ಹೂಂ, ಒಮ್ಮೆ ಅಯ್ಯೋ. ಬಹಳ ಹೊತ್ತಿನ ಮೇಲೆ ಅಳು ಕೇಳಿಸಿತು, ಬಿಗಿಹಿಡಿದಿದ್ದು ಒಮ್ಮೆಲೇ ಬಿಟ್ಟುಹೋದಂಥ ಅಳು. ಅವನು ಎದ್ದು ಬಾಗಿಲಿಗೆ ಕೈಯೆತ್ತಿ, ತಟ್ಟದೆ, ಮತ್ತೆ ಕೂತ. ಎದುರು ಮನೆಯ ಮುದುಕಿ ಯಾರು ಬೇಕಿತ್ತು ಎಂದು ಕೇಳಿದಳು. ಒಳಗಡೆ ಮಾತಾಡ್ತಿದ್ದಾರೆ ಎಂದ. ಅಳು ನಿಂತು ಮಾತು ಶುರುವಾಯಿತು. ಒಂದು ಸಲ, ಅವನಿಗೆ ನಂಬಲಾಗಲಿಲ್ಲ, ನಗು ಕೇಳಿಸಿತು. ಏನಕ್ಕೆ ನಕ್ಕರು? ಐದು ತಿಂಗಳು ಎಂದರೆ ನೂರೈವತ್ತು ದಿನ. ಆ ದಿನಗಳನ್ನು ಯಾರೂ ಹಿಂದಕ್ಕೆ ತಂದುಕೊಡಲಾರರು. ಡಾಕ್ಟರು ನಾಳೆ ಏನನ್ನುತ್ತಾರೋ. ತಡವಾಯಿತು ಅಂದುಬಿಟ್ಟರೆ? ಆ ಪ್ರಶ್ನೆಯ ಹತ್ತಿರ ಬಂದಾಗ ಎದ್ದು ಹೋಗಲು ಈ ಸಲ ಯಾವ ಕೆಲಸವೂ ನೆನಪಾಗಲಿಲ್ಲ. ಕೂತೇ ಇದ್ದ.

ಬಾಗಿಲು ತೆರೆದಾಗ ಆಂಜನಮ್ಮ ಮುಖ ತೊಳೆದಿದ್ದಳು. ಕೈಯಲ್ಲಿ ಆಸ್ಪತ್ರೆಯ ಫೈಲಿತ್ತು. ಎಲ್ಲಿಂದಲೋ ತೆಗೆದು ಧೂಳು ಒರೆಸಿದ್ದಳು. ಫೋನನ್ನು ಅವನಿಗೆ ಕೊಟ್ಟಳು, ಬಿಸಿಯಾಗಿತ್ತು.

"ಸೋಮವಾರ ಬೆಳಿಗ್ಗೆ ಎಂಟಕ್ಕೆ ನಿಮ್ಮ ಮನೆಯವ್ರು ಆಸ್ಪತ್ರೆ ಗೇಟ್ ಹತ್ರ ಬರ್ತಾರಂತೆ, ನನ್ ಜೊತೆ ಒಳಗೆ ಬರ್ತಾರಂತೆ" ಎಂದಳು.

"ನಾನೂ ಬರ್ತೀನಿ ಆಂಜನಮ್ಮ."

ಅವಳು ಅವನ ಕಡೆ ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಹಳೆಯ ಮರ್ಯಾದೆ ಇನ್ನೂ ಇತ್ತು, ಅದರೊಳಗಿಂದ ಏನೋ ಒಂದು ಮಾತ್ರ ಎದ್ದು ಹೋಗಿತ್ತು.

"ನೀವು ಬೇಡ ಸರ್" ಎಂದಳು. "ನಾವಿಬ್ರೇ ಹೋಗ್ತೀವಿ."